ಮೋಗ್ಲಿ ಹಿಂದಿಯಲ್ಲಿ ಮಾತಾಡಿದ, ಆಯಿ ಕನ್ನಡದಲ್ಲಿ ಕೇಳಿಸಿಕೊಂಡಳು

ಚೆನ್ನೈಯಲ್ಲಿ ನನ್ನ ಜೊತೆ ಕೆಲಸ ಮಾಡುವ ಕಿರಿಯರು ಬಾಲ್ಯದ ಕಾರ್ಟೂನುಗಳ ಮಾತು ತೆಗೆದರೆಂದರೆ ಅರ್ಧ ತಾಸು ಬೇರೆ ಮಾತಿಲ್ಲ. 2007ರಲ್ಲಿ ಸನ್ ಸಮೂಹದ ಚುಟ್ಟಿ ಟಿವಿ ಆರಂಭವಾದಾಗ ಅವರೆಲ್ಲ ಶಾಲೆಯ ಮಕ್ಕಳು. ಡೋರಾ, ಅವಳ ಜೊತೆಗಾರ ಕೋತಿ, ಜಾಕಿ ಚಾನ್‌ನ ಸಾಹಸಗಳು, ಎಲ್ಲವೂ ಅವರಿಗೆ ತಮಿಳಿನಲ್ಲಿಯೇ ಬಂದವು. ಆ ಪಾತ್ರಗಳ ಧಾಟಿಯನ್ನು ಅವರು ಇಂದಿಗೂ ಊಟದ ಮೇಜಿನ ಮೇಲೆ ಅನುಕರಿಸುತ್ತಾರೆ, ಒಬ್ಬ ಅರ್ಧ ಹೇಳಿದ ಮಾತನ್ನು ಇನ್ನೊಬ್ಬ ಪೂರ್ತಿ ಮಾಡುತ್ತಾನೆ. ಡೋರಾ ಅಮೆರಿಕದಲ್ಲಿ ಹುಟ್ಟಿದವಳು, ಮೂಲದಲ್ಲಿ ಇಂಗ್ಲಿಷ್ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸುವವಳು ಎಂಬುದು ಅವರಿಗೆ ತಿಳಿಯದ ಸಂಗತಿಯಲ್ಲ, ಆದರೆ ಅವರ ನೆನಪಿನಲ್ಲಿ ಆ ಸಂಗತಿಗೆ ಜಾಗವಿಲ್ಲ. ಅಲ್ಲಿರುವ ಡೋರಾ ತಮಿಳು ಹುಡುಗಿ.

ನನ್ನ ಬಳಿಯೂ ಅಷ್ಟೇ ದೊಡ್ಡ ನೆನಪಿನ ಗಂಟಿದೆ. ಅದು ಕಲಬುರಗಿಯದು, ಆಗಿನ್ನೂ ಗುಲಬರ್ಗಾ ಎನ್ನುತ್ತಿದ್ದ ಕಾಲದ್ದು, ಮತ್ತು ಅದರೊಳಗಿನ ಪ್ರಾಣಿಗಳೆಲ್ಲ ಹಿಂದಿಯಲ್ಲಿ ಮಾತಾಡುತ್ತವೆ. ಇದನ್ನು ಹಿಂದಿಯ ಮೇಲಿನ ದೂರಾಗಿ ಯಾರೂ ಓದಬಾರದು. ಆ ಹಿಂದಿಯನ್ನು ನಾನು ಪ್ರೀತಿಯಿಂದಲೇ ನೆನೆಯುತ್ತೇನೆ. ಆದರೆ ಹದಿನೈದು ವರ್ಷಗಳ ಅಂತರದಲ್ಲಿ ತಮಿಳು ಮಕ್ಕಳಿಗೆ ಸಹಜವಾಗಿ ಸಿಕ್ಕದ್ದು ಕನ್ನಡದ ಮಕ್ಕಳಿಗೆ ಅಷ್ಟು ಸಹಜವಾಗಿ ಏಕೆ ಸಿಗಲಿಲ್ಲ ಎಂಬ ಪ್ರಶ್ನೆ, ಹೊರನಾಡಿನಲ್ಲಿ ಕುಳಿತವನಿಗೆ ಊರಿನಲ್ಲಿದ್ದವರಿಗಿಂತ ಸ್ವಲ್ಪ ಹೆಚ್ಚೇ ಕಾಡುತ್ತದೆ.

ನಮ್ಮ ಪೀಳಿಗೆಯ ಕಾರ್ಟೂನು ಎಂದರೆ ದೂರದರ್ಶನದ ಜಂಗಲ್ ಬುಕ್. ಜಪಾನಿನ ನಿಪ್ಪಾನ್ ಅನಿಮೇಶನ್ ಸಂಸ್ಥೆ 1989ರಲ್ಲಿ ತೆರೆಗೆ ತಂದ 52 ಕಂತುಗಳ ಸರಣಿಯದು. ಕೆಲವು ವರ್ಷಗಳ ನಂತರ ಹಿಂದಿಯ ಧ್ವನಿ ಪಡೆದು ಭಾನುವಾರಗಳಂದು ನಮ್ಮ ಮನೆಗಳಿಗೆ ಬಂತು. ಕಥೆ ಇಂಗ್ಲಿಷಿನ ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ್ದು, ಕಾಡು ಮಧ್ಯ ಭಾರತದ ಸಿವನಿಯದು, ಚಿತ್ರ ಬರೆದವರು ಜಪಾನಿಗಳು, ಮಾತು ಹಿಂದಿಯದು, ನೋಡುತ್ತಿದ್ದವರು ಗುಲಬರ್ಗಾದ ಬ್ರಹ್ಮಪುರದ ಓಣಿಯ ಹುಡುಗರು. ಭಾರತದ ಪ್ರಸಾರಕ್ಕೆಂದೇ ಗುಲ್ಜಾರರು ಶೀರ್ಷಿಕೆ ಗೀತೆ ಬರೆದಿದ್ದರು, ವಿಶಾಲ್ ಭಾರದ್ವಾಜ್ ಅದಕ್ಕೆ ರಾಗ ಹಾಕಿದ್ದರು. ಆ ಹಾಡು ಆರಂಭವಾದ ಕೂಡಲೇ ಓಣಿ ಖಾಲಿಯಾಗುತ್ತಿತ್ತು. ಶೇರ್ ಖಾನನಿಗೆ ಧ್ವನಿ ಕೊಟ್ಟವರು ನಾನಾ ಪಾಟೇಕರ್ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಅದು ಬರೀ ಹುಲಿಯ ಧ್ವನಿ, ಅದನ್ನು ಕೇಳಿದರೆ ಹೊಟ್ಟೆಯೊಳಗೆ ಏನೋ ತಣ್ಣಗಾಗುತ್ತಿತ್ತು. ಈ ಸರಣಿಯ ಮೋಗ್ಲಿಯ ಕೈಯಲ್ಲಿ ತಿರುಗಿ ಬರುವ ಒಂದು ಆಯುಧವಿತ್ತು, ಕಿಪ್ಲಿಂಗನ ಪುಸ್ತಕದಲ್ಲಿ ಇಲ್ಲದ್ದು. ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ನಾವೂ ಅದನ್ನು ಕತ್ತರಿಸಿಕೊಂಡಿದ್ದೆವು. ನಮ್ಮದು ತಿರುಗಿ ಬರುತ್ತಿರಲಿಲ್ಲ, ಮಾಳಿಗೆಯ ಮೇಲೆಯೋ ಪಕ್ಕದವರ ಹಪ್ಪಳದ ಮೇಲೆಯೋ ಹೋಗಿ ಬೀಳುತ್ತಿತ್ತು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ನನ್ನ ವಯಸ್ಸಿನ ತಮಿಳರೂ ಜಂಗಲ್ ಬುಕ್ ನೋಡಿದ್ದು ಹಿಂದಿಯಲ್ಲಿಯೇ. ದೆಹಲಿಯ ಜಾಲದಿಂದ ಬಂದದ್ದನ್ನು ಇಡೀ ದೇಶ ಅದೇ ಭಾಷೆಯಲ್ಲಿ ನೋಡಬೇಕಿತ್ತು, ಅದರಲ್ಲಿ ಬೆಂಗಳೂರಿನವರ ತಪ್ಪೂ ಇಲ್ಲ, ಮದ್ರಾಸಿನವರ ತಪ್ಪೂ ಇಲ್ಲ. ಆದರೆ ನನ್ನ ವಯಸ್ಸಿನ ಗೆಳೆಯನೊಬ್ಬ ಇಲ್ಲಿ ಹೇಳುವ ಪ್ರಕಾರ, ಅವನ ಮನೆಯಲ್ಲಿ ಎಲ್ಲರೂ ಚಿತ್ರವನ್ನಷ್ಟೇ ನೋಡಿದರು, ಹಾಡನ್ನು ಅರ್ಥವಿಲ್ಲದೆ ಹಾಡಿದರು, ಕಥೆಯನ್ನು ಊಹಿಸಿಕೊಂಡರು. ಗುಲಬರ್ಗಾದಲ್ಲಿ ಹಾಗಿರಲಿಲ್ಲ. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಊರು ನಮ್ಮದು. ಬೆಂಗಳೂರು ಸುಮಾರು 600 ಕಿಲೋಮೀಟರ್ ದೂರ, ಹೈದರಾಬಾದ್ ಅದರ ಅರ್ಧಕ್ಕಿಂತ ಕಡಿಮೆ. ಬಂದೇನವಾಜ್ ದರ್ಗಾದ ಸುತ್ತಲಿನ ಬೀದಿಗಳಲ್ಲಿ, ಕಿರಾಣಿ ಅಂಗಡಿಗಳಲ್ಲಿ, ಆಟೋ ನಿಲ್ದಾಣದಲ್ಲಿ ದಖನಿ ಉರ್ದು ಕನ್ನಡದಷ್ಟೇ ಸಲೀಸಾಗಿ ಹರಿಯುತ್ತದೆ. ಆಟದ ಬಯಲಿನಲ್ಲಿ ನಾವು ಅರಿಯದೆಯೇ ಎರಡು ಭಾಷೆಯ ಮಕ್ಕಳಾಗಿದ್ದೆವು. ಮಂಡ್ಯದ ಅಥವಾ ಶಿವಮೊಗ್ಗದ ಹುಡುಗನಿಗೆ ಪರಕೀಯವಾಗಿ ಕೇಳಿರಬಹುದಾದ ಆ ಹಿಂದಿ, ನಮಗೆ ಪಕ್ಕದ ಮನೆಯ ಮಾತು ಸ್ವಲ್ಪ ಇಸ್ತ್ರಿ ಹಾಕಿಕೊಂಡು ಬಂದಂತಿತ್ತು.

ಹಾಗೆಂದು ಎಲ್ಲರಿಗೂ ತಿಳಿಯುತ್ತಿತ್ತು ಎಂದಲ್ಲ, ಮತ್ತು ನನ್ನ ನೆನಪಿನ ಅತ್ಯಂತ ಸವಿಯಾದ ಭಾಗ ಇರುವುದು ಈ ತಿಳಿಯದವರಲ್ಲಿಯೇ. ಜೇವರ್ಗಿಯ ಕಡೆಯ ನಮ್ಮ ಹಳ್ಳಿಯಿಂದ ರಜೆಗೆ ಬರುತ್ತಿದ್ದ ಕಾಕಾನ ಮಕ್ಕಳಿಗೆ ಹಿಂದಿಯ ಗಂಧವಿರಲಿಲ್ಲ, ಆಯಿಗೆ, ಅಂದರೆ ನಮ್ಮ ಅಜ್ಜಿಗೆ, ಇರಲೇ ಇಲ್ಲ. ಆದರೂ ಆಯಿ ಭಾನುವಾರ ಬೆಳಿಗ್ಗೆ ರೊಟ್ಟಿಯ ಕೆಲಸವನ್ನು ಬೇಗ ಮುಗಿಸಿ, ಕೈಗೆ ಅಂಟಿದ ಜೋಳದ ಹಿಟ್ಟನ್ನು ಒರೆಸಿಕೊಳ್ಳುತ್ತ ಬಾಗಿಲಿನ ಹತ್ತಿರ ಬಂದು ಕೂಡುತ್ತಿದ್ದಳು. ನನ್ನ ಅಕ್ಕನ ಕೆಲಸವೆಂದರೆ ಪರದೆಯ ಮೇಲೆ ಪಾತ್ರಗಳು ಮಾತಾಡಿ ಮುಗಿಸುವುದರೊಳಗೆ ಅದನ್ನು ನಮ್ಮ ಭಾಷೆಗೆ ತಂದು ಹಾಕುವುದು.

"ಏನಂತದಲೇ ಆ ಕರಡಿ? ತುಸು ತಿಳಿಯಂಗ ಹೇಳ್ರಿ."

"ಕಾಡಿನಾಗ ಇರ್ಬೇಕಂದ್ರ ಕಾಡಿನ ಕಾಯ್ದೆ ಕಲೀಬೇಕು ಅಂತ ಹೇಳ್ಲಕತ್ತದ, ಆಯಿ."

"ಖರೇನೇ ಹೇಳ್ತದ ಬಿಡು. ನಿಮ್ಮ ಮುತ್ಯಾ ಇದ್ದಂಗ ಅದ ಅದು."

ಅಂದಿನಿಂದ ಕರಡಿ ಬಲ್ಲೂ ನಮ್ಮ ಮನೆಯಲ್ಲಿ ಮುತ್ಯಾ, ಅಂದರೆ ಅಜ್ಜ, ಆದ. ಅಕ್ಕ ಅವನ ಮಾತನ್ನು ಹೇಳುವಾಗ ಮುತ್ಯಾನ ಹಾಗೆ ನಡುವೆ ಕೆಮ್ಮುತ್ತಿದ್ದಳು, ಮಾತಿನ ಕೊನೆಯನ್ನು ಎಳೆಯುತ್ತಿದ್ದಳು. ಕರಿಚಿರತೆ ಬಘೀರನಿಗೆ ನಮ್ಮ ಸೋದರಮಾವನ ಗತ್ತು ಬಂತು. ಹೆಬ್ಬಾವು ಕಾನ ಮಾತನ್ನು ಅಕ್ಕ ಪಿಸುದನಿಯಲ್ಲಿ ಹೇಳಿದರೆ ಹಳ್ಳಿಯ ಚಿಕ್ಕವರು ಆಯಿಯ ಸೆರಗಿನೊಳಗೆ ಹೋಗುತ್ತಿದ್ದರು. ಶೇರ್ ಖಾನ್ ಬಂದಾಗ ಮಾತ್ರ ಅಕ್ಕ ಸುಮ್ಮನಾಗಿಬಿಡುತ್ತಿದ್ದಳು. ಆ ಧ್ವನಿಯ ಮೇಲೆ ತನ್ನ ಧ್ವನಿ ಹಾಕುವ ಧೈರ್ಯ ಅವಳಿಗಿರಲಿಲ್ಲವೋ, ಅಥವಾ ಅದಕ್ಕೆ ಅನುವಾದ ಬೇಕಿಲ್ಲ ಎಂದು ಅವಳಿಗೆ ಅನಿಸಿತ್ತೋ, ಈಗ ಕೇಳಿದರೆ ನಗುತ್ತಾಳೆ. ನಡುವೆ ಕರೆಂಟು ಹೋದರೆ, ಅದು ಹೋಗುವುದು ಅಪರೂಪವೇನೂ ಆಗಿರಲಿಲ್ಲ, ಉಳಿದ ಕಥೆಯನ್ನು ಅಕ್ಕ ತಾನೇ ಕಟ್ಟಿ ಮುಗಿಸುತ್ತಿದ್ದಳು. ಮುಂದಿನ ವಾರ ಪರದೆಯ ಮೇಲಿನ ಕಥೆ ಬೇರೆಯೇ ಹಾದಿ ಹಿಡಿದಿದ್ದರೆ ಆಯಿ ಟಿವಿಯವರನ್ನೇ ಬೈಯುತ್ತಿದ್ದಳು. ಇಂದು ಯಾವ ವಾಹಿನಿಯ ಡಬ್ಬಿಂಗ್ ಕೇಳಿದರೂ ನಾನು ಅದನ್ನು ಅಕ್ಕನ ಆ ಬಾಯಿಮಾತಿನ ಡಬ್ಬಿಂಗಿನ ಜೊತೆಗಿಟ್ಟೇ ತೂಗುತ್ತೇನೆ, ಮತ್ತು ಹೆಚ್ಚಿನವು ಹಗುರವಾಗುತ್ತವೆ.

ಅದರ ಹಿಂದೆಯೇ ಡಿಸ್ನಿಯ ಡಕ್ ಟೇಲ್ಸ್ ಮತ್ತು ಟೇಲ್ ಸ್ಪಿನ್ ಬಂದವು, ಅವೂ ಹಿಂದಿಯಲ್ಲಿ. ಟೇಲ್ ಸ್ಪಿನ್‌ನಲ್ಲಿ ಬಲ್ಲೂ ವಿಮಾನ ಹಾರಿಸುವುದನ್ನೂ ಶೇರ್ ಖಾನ್ ಕೋಟು ತೊಟ್ಟ ವ್ಯಾಪಾರಿಯಾಗಿರುವುದನ್ನೂ ನೋಡಿ ಆಯಿಗೆ ಬಹಳ ಬೇಸರವಾಯಿತು. ಅವಳು ಭಾನುವಾರದ ಟಿವಿಯನ್ನು ಅಲ್ಲಿಗೆ ಬಿಟ್ಟಳು.

ಕನ್ನಡದಲ್ಲಿ ಇವು ಏಕೆ ಇರಲಿಲ್ಲ ಎಂಬುದಕ್ಕೆ ದೆಹಲಿಯನ್ನು ಮಾತ್ರ ಹೊಣೆ ಮಾಡಿ ಕೂಡುವಂತಿಲ್ಲ. ಕರ್ನಾಟಕದಲ್ಲಿ ಡಬ್ಬಿಂಗ್ ಎಂಬುದೇ ದಶಕಗಳ ಕಾಲ ಮೈಲಿಗೆಯಾಗಿತ್ತು. 1960ರ ದಶಕದಲ್ಲಿ ಅ.ನ. ಕೃಷ್ಣರಾಯರಂಥವರು ಮುಂದೆ ನಿಂತು ನಡೆಸಿದ ಕನ್ನಡ ಚಳವಳಿಗೆ ಅದನ್ನು ವಿರೋಧಿಸಲು ಗಟ್ಟಿಯಾದ ಕಾರಣವಿತ್ತು. ಆಗ ಕನ್ನಡ ಚಿತ್ರಗಳು ಮದ್ರಾಸಿನ ಸ್ಟುಡಿಯೋಗಳನ್ನು ನೆಚ್ಚಿಕೊಂಡಿದ್ದವು, ಮಾರುಕಟ್ಟೆ ಚಿಕ್ಕದು, ದೊಡ್ಡ ಬಂಡವಾಳದ ತೆಲುಗು, ತಮಿಳು ಚಿತ್ರಗಳಿಗೆ ಅಗ್ಗದಲ್ಲಿ ಕನ್ನಡದ ಮಾತು ಅಂಟಿಸಿ ಬಿಡುಗಡೆ ಮಾಡಿದರೆ ಇಲ್ಲಿನ ನಟರು, ತಂತ್ರಜ್ಞರು ಬದುಕುವ ಹಾಗೆಯೇ ಇರಲಿಲ್ಲ. ಆ ಹೋರಾಟ ಇರದಿದ್ದರೆ ಮುಂದಿನ ಎರಡು ದಶಕಗಳ ಕನ್ನಡ ಸಿನಿಮಾ ಅಷ್ಟು ಸಮೃದ್ಧವಾಗಿರುತ್ತಿತ್ತೇ ಎಂಬುದು ನನಗೆ ಅನುಮಾನ. ಆದರೆ ಒಂದು ಕಾಲದ ರಕ್ಷಣೆಯ ಬೇಲಿ ಮುಂದಿನ ಕಾಲದಲ್ಲಿ ಕಾನೂನಿನ ಪುಸ್ತಕದಲ್ಲಿಲ್ಲದ ಕಾನೂನಾಗಿ ಗಟ್ಟಿಗೊಂಡಿತು. 2012ರಲ್ಲಿ ಆಮಿರ್ ಖಾನ್ ನಡೆಸಿಕೊಟ್ಟ ಸತ್ಯಮೇವ ಜಯತೇ ತಮಿಳು, ತೆಲುಗು, ಮಲಯಾಳಂ ಭಾಷೆಗಳಲ್ಲಿ ಬಂದರೂ ಚಿತ್ರರಂಗದ ವಿರೋಧದಿಂದಾಗಿ ಕನ್ನಡದಲ್ಲಿ ಬರಲಿಲ್ಲ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟು, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇಂಥ ತಡೆ ಕಾಯ್ದೆಗೆ ವಿರುದ್ಧ ಎಂದು ಹೇಳಬೇಕಾಯಿತು. ಅಷ್ಟು ಹೊತ್ತಿಗೆ ನಮ್ಮ ಪೀಳಿಗೆಯವರ ಮಕ್ಕಳೇ ಶಾಲೆಗೆ ಹೋಗುತ್ತಿದ್ದರು. ಈಗ ನೋಡಿದರೆ 2018ರ ಕೆಜಿಎಫ್‌ನಿಂದೀಚೆಗೆ ನಮ್ಮವರೇ ಕನ್ನಡ ಚಿತ್ರಗಳನ್ನು ನಾಲ್ಕಾರು ಭಾಷೆಗಳಿಗೆ ಡಬ್ ಮಾಡಿ ಮಾರುತ್ತಿದ್ದಾರೆ. ಚೆನ್ನೈಯ ಚಿತ್ರಮಂದಿರದಲ್ಲಿ ಅದನ್ನು ತಮಿಳಿನಲ್ಲಿ ನೋಡಿದ ನನಗೆ ಸಂತೋಷವಾಗಿದ್ದು ನಿಜ, ಒಳಗೊಳಗೆ ನಗು ಬಂದದ್ದೂ ನಿಜ.

ಇದಕ್ಕಿಂತ ವಿಚಿತ್ರವಾದದ್ದು ಮಾಲ್ಗುಡಿ ಡೇಸ್‌ನ ಕಥೆ. ಶಂಕರ್ ನಾಗ್ ಅದನ್ನು 1980ರ ದಶಕದ ನಡುವಿನಲ್ಲಿ ನಮ್ಮ ಆಗುಂಬೆಯಲ್ಲಿ, ಬಹುಪಾಲು ಕನ್ನಡದ ಕಲಾವಿದರನ್ನೇ ಕಟ್ಟಿಕೊಂಡು ತೆಗೆದರು, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್ ನಟಿಸಿದರು, ಆದರೆ ಅದು ದೂರದರ್ಶನದಲ್ಲಿ ಬಂದದ್ದು ಹಿಂದಿಯಲ್ಲಿ. ಕನ್ನಡದ ಹುಡುಗ, ಕನ್ನಡದ ಊರು, ಕನ್ನಡದ ನಿರ್ದೇಶಕ, ಹಿಂದಿಯ ಮಾತು. ಅದನ್ನೂ ನಮ್ಮ ಮನೆಯಲ್ಲಿ ಅಕ್ಕನೇ ಕನ್ನಡಕ್ಕೆ ತಂದದ್ದು.

ಕಾರ್ಟೂನಿನ ವಿಷಯದಲ್ಲಿ ನನಗೆ ಅರ್ಥವಾಗದಿರುವುದು ಇಷ್ಟು: ನಟನ ಮುಖಕ್ಕೆ ಬೇರೆಯವನ ಧ್ವನಿ ಅಂಟಿಸಿದರೆ ಏನೋ ಕಳೆದುಹೋಗುತ್ತದೆ ಎಂಬ ವಾದವನ್ನು ಒಪ್ಪಬಹುದು, ರಾಜ್‌ಕುಮಾರರ ಧ್ವನಿಯನ್ನು ತೆಗೆದು ಇನ್ನೊಬ್ಬರದನ್ನು ಇಟ್ಟರೆ ನಾನೂ ಎದ್ದು ಹೋಗುತ್ತೇನೆ. ಆದರೆ ಬರೆದ ಚಿತ್ರಕ್ಕೆ ಸ್ವಂತ ಧ್ವನಿಯೆಂಬುದೇ ಇಲ್ಲ. ಟೋಕಿಯೋದಲ್ಲಿಯೂ ಮೋಗ್ಲಿಗೆ ಮಾತು ಕೊಟ್ಟದ್ದು ಮೈಕಿನ ಮುಂದೆ ನಿಂತ ಮನುಷ್ಯರೇ. ಕರಡಿಗೆ ಜಪಾನೀ ಭಾಷೆ ಎಷ್ಟು ಸಹಜವೋ ಕನ್ನಡವೂ ಅಷ್ಟೇ ಸಹಜ. ಇಲ್ಲಿ ಯಾವ ಕನ್ನಡ ನಟನ ಅನ್ನವೂ ಹೋಗುವುದಿಲ್ಲ, ಬದಲಿಗೆ ಧ್ವನಿ ಕೊಡುವವರು, ಸಂಭಾಷಣೆ ಬರೆಯುವವರು, ಹಾಡುವವರು ಒಂದಷ್ಟು ಜನ ಅನ್ನ ಕಾಣುತ್ತಾರೆ. ದೊಡ್ಡವರ ಸಿನಿಮಾಕ್ಕೆ ಹಾಕಿದ ಬೇಲಿಯಲ್ಲಿ ಮಕ್ಕಳಿಗಾಗಿ ಒಂದು ಕಿಂಡಿಯನ್ನು 1980ರಲ್ಲೋ 90ರಲ್ಲೋ ಬಿಟ್ಟಿದ್ದರೆ ಯಾರಿಗೂ ನಷ್ಟವಿರಲಿಲ್ಲ.

ಮಜವೆಂದರೆ, ಮಕ್ಕಳಿಗೆ ಅವರ ಭಾಷೆಯಲ್ಲಿಯೇ ಟಿವಿ ಕೊಡಬೇಕು ಎಂಬ ಯೋಚನೆ ದೇಶದಲ್ಲಿ ಮೊದಲು ದೊಡ್ಡ ಮಟ್ಟದಲ್ಲಿ ಪರೀಕ್ಷೆಯಾದ ಕಡೆಗಳಲ್ಲಿ ನಮ್ಮ ಜಿಲ್ಲೆಯೂ ಒಂದು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ (SITE) ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು, ಕರ್ನಾಟಕದಲ್ಲಿ ಆ ಹಳ್ಳಿಗಳಿದ್ದದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳಲ್ಲಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ, ಕನ್ನಡದಲ್ಲಿ. ಒಂದು ಚಿತ್ರದ ಜೊತೆಗೆ ಎರಡು ಭಾಷೆಯ ಧ್ವನಿಗಳನ್ನು ಕಳಿಸುವ ಅನುಕೂಲವೂ ಆ ಉಪಗ್ರಹದಲ್ಲಿತ್ತು. ಅದರ ಫಲವಾಗಿಯೇ 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಪ್ರಸಾರ ಶುರುವಾಯಿತು, ರಾಜಧಾನಿ ಬೆಂಗಳೂರು ಅದಕ್ಕಾಗಿ 1981ರವರೆಗೆ ಕಾಯಬೇಕಾಯಿತು. ಬೆಂಗಳೂರಿನ ಗೆಳೆಯರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ, ಹಿಂದುಳಿದ ಜಿಲ್ಲೆ ಎಂಬ ಹೆಸರು ಅಷ್ಟು ಗಟ್ಟಿಯಾಗಿ ನಮಗೆ ಅಂಟಿದೆ. ಹಳ್ಳಿಯ ಶಾಲೆಯ ಅಂಗಳದಲ್ಲಿ ಕುಳಿತು ಕನ್ನಡದ ಟಿವಿ ನೋಡಿದ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ಕೂಡಿಸಿದ್ದು ಹಿಂದಿಯ ಕರಡಿಯ ಮುಂದೆ.

2009ರಲ್ಲಿ ಚಿಂಟು ಟಿವಿ ಬಂದು ಕನ್ನಡಕ್ಕೂ ಮಕ್ಕಳದೇ ಒಂದು ವಾಹಿನಿಯಾಯಿತು. ಚುಟ್ಟಿಗೂ ಚಿಂಟುವಿಗೂ ನಡುವಿನ ಅಂತರ ಬರೀ ಎರಡು ವರ್ಷ, ಮಾಲೀಕರೂ ಒಬ್ಬರೇ. ಆದರೂ ತಮಿಳು ಯುವಕರು ತಮ್ಮ ಡಬ್ಬಿಂಗನ್ನು ನೆನೆದು ಸಂಭ್ರಮಿಸುವ ಹಾಗೆ ಕಲಬುರಗಿಯ ನನ್ನ ಸೋದರಳಿಯಂದಿರು ಸಂಭ್ರಮಿಸುವುದಿಲ್ಲ. ಅವರು ಬೆಳೆದದ್ದು ಹಂಗಾಮಾ ವಾಹಿನಿಯ ಡೋರೇಮಾನ್, ಶಿನ್‌ಚಾನ್‌ಗಳ ಹಿಂದಿಯಲ್ಲಿ, ಇಂದಿಗೂ ಒಬ್ಬರನ್ನೊಬ್ಬರು ಕಾಡಿಸುವುದು ಅದೇ ಹಿಂದಿಯಲ್ಲಿ. ಬೀದರಿನ ನೆಂಟರ ಮನೆಯಲ್ಲಂತೂ ಹಿಂದಿಯ ಜೊತೆಗೆ ಮರಾಠಿಯೂ ಇದೆ. ಕನ್ನಡದ ಕಾರ್ಟೂನು ತಡವಾಗಿ ಬಂತು ಎಂಬುದು ಒಂದು ಕಾರಣ. ನಮ್ಮ ಕಡೆಯ ಮಟ್ಟಿಗೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದನ್ನು ಬೆಂಗಳೂರಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡ ಹಾಗೆ ಕಾಣುವುದಿಲ್ಲ.

ಕನ್ನಡದ ಡಬ್ಬಿಂಗಿನಲ್ಲಿ ಎಲ್ಲ ಪ್ರಾಣಿಗಳೂ ಬೆಂಗಳೂರು, ಮೈಸೂರಿನ ಕನ್ನಡ ಮಾತಾಡುತ್ತವೆ, ಅದೂ ಪುಸ್ತಕ ಹಿಡಿದು ಓದಿದಂತೆ. ಕಲಬುರಗಿಯ ನಾಲ್ಕು ವರ್ಷದ ಮಗುವಿಗೆ ಅದು ತನ್ನ ಮನೆಯ ಮಾತೆಂದು ಅನಿಸುವುದಿಲ್ಲ, ಅತ್ತ ಹಿಂದಿಯೋ ಓಣಿಯಲ್ಲಿಯೇ ಕಿವಿಗೆ ಬಿದ್ದ ಭಾಷೆ. ಎರಡರಲ್ಲಿ ಯಾವುದು ಹೆಚ್ಚು ಜೀವಂತವಾಗಿದೆಯೋ ಮಗು ಅತ್ತ ಹೋಗುತ್ತದೆ. ಚೆನ್ನೈಯಲ್ಲಿ ನಾನು ಗಮನಿಸಿದ್ದೇನೆಂದರೆ ತಮಿಳಿನ ಸಂಭಾಷಣೆಕಾರರು ಬರಹದ ಭಾಷೆಯನ್ನು ಹೊರಗೆ ಬಿಟ್ಟು ಸ್ಟುಡಿಯೋಗೆ ಹೋಗುತ್ತಾರೆ. ಬೀದಿಯ ಮಾತು, ಸಿನಿಮಾದ ಚೇಷ್ಟೆ, ಅಜ್ಜಿಯರ ಬೈಗುಳ, ಎಲ್ಲವನ್ನೂ ಸಂಕೋಚವಿಲ್ಲದೆ ಕಾರ್ಟೂನಿನ ಬಾಯಿಗೆ ಹಾಕುತ್ತಾರೆ. ಕೆಲವೊಮ್ಮೆ ಅದು ಮಿತಿ ಮೀರುತ್ತದೆ ಎಂಬುದೂ ನಿಜ, ಶಾಂತವಾಗಿರಬೇಕಾದ ದೃಶ್ಯದಲ್ಲಿಯೂ ಒಂದು ನಗೆಚಟಾಕಿ ತುರುಕದಿದ್ದರೆ ಅವರಿಗೆ ಸಮಾಧಾನವಿಲ್ಲ. ಹಾಗಿದ್ದರೂ ಜೀವವಿಲ್ಲದ ಶುದ್ಧಿಗಿಂತ ಆ ಅತಿಯೇ ಮೇಲು ಎಂಬುದು ನನ್ನ ಪಕ್ಷ.

ನಮ್ಮ ಭಾಗದ ಮಾತು ಪರದೆಯ ಮೇಲೆ ಬಂದಿಲ್ಲವೆಂದಲ್ಲ. ಬಂದಾಗಲೆಲ್ಲ ನಗಿಸುವವನ ಬಾಯಿಯಲ್ಲಿ, ಮನೆಗೆಲಸದವನ ಬಾಯಿಯಲ್ಲಿ, ಇಲ್ಲವೇ ಪಟ್ಟಣಕ್ಕೆ ಬಂದು ಬೆಪ್ಪಾದವನ ಬಾಯಿಯಲ್ಲಿ ಬಂದಿದೆ. ಕಾಡಿನ ಕಾಯ್ದೆ ಕಲಿಸುವ ಗುರುವಿನ ಬಾಯಿಯಲ್ಲಿ ಅದನ್ನು ನಾನು ಕೇಳಿದ್ದು ನಮ್ಮ ಅಕ್ಕನಿಂದ ಮಾತ್ರ. ಇಡೀ ಸರಣಿಯನ್ನು ಕಲಬುರಗಿಯ ಮಾತಿನಲ್ಲಿಯೇ ಮಾಡಿ ಎಂದು ನಾನು ಕೇಳುತ್ತಿಲ್ಲ, ಚಾಮರಾಜನಗರದ ಮಗು ಏನು ಪಾಪ ಮಾಡಿದೆ? ಒಂದೇ ಕಾಡಿನಲ್ಲಿ ತೋಳಗಳು ಮೈಸೂರಿನ ಕಡೆಯವು, ಕೋತಿಗಳು ಮಂಗಳೂರಿನವು, ಕರಡಿ ನಮ್ಮದು ಎಂದಾದರೆ ಯಾವ ಮಗುವಿಗೂ ಕಷ್ಟವಾಗುವುದಿಲ್ಲ. ಮಕ್ಕಳು ಇಂಥದನ್ನು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

ಆಮೇಲೆ ಕನ್ನಡದಲ್ಲಿ ಮಕ್ಕಳ ವಾಹಿನಿ ಚಿಂಟು ಒಂದೇ ಆಗಿ ಉಳಿಯಲಿಲ್ಲ. 2021ರಲ್ಲಿ ಹೈದರಾಬಾದಿನ ರಾಮೋಜಿ ಸಮೂಹದ ಬಾಲ ಭಾರತ ಹಲವು ಭಾರತೀಯ ಭಾಷೆಗಳ ಜೊತೆ ಕನ್ನಡದಲ್ಲೂ ಬಂತು. ಕಾನೂನಿನ ತೊಡಕಿಲ್ಲ, ಚಳವಳಿಯ ಭಯವಿಲ್ಲ. ಉಳಿದಿರುವುದು ಧ್ವನಿಯ ಪ್ರಶ್ನೆ, ಅದಕ್ಕೆ ಬೆಂಗಳೂರಿನ ನಾಲ್ಕು ಸ್ಟುಡಿಯೋಗಳನ್ನಷ್ಟೇ ಹುಡುಕಬೇಕಾಗಿಲ್ಲ. ಕಲಬುರಗಿಯಲ್ಲಿ ರಂಗಾಯಣವಿದೆ, 1966ರಿಂದ ನಡೆದುಬಂದ ಆಕಾಶವಾಣಿ ಕೇಂದ್ರವಿದೆ. ಮೈಕಿನ ಮುಂದೆ ನಿಂತು, ಮುಖ ತೋರಿಸದೆ, ಬರೀ ಮಾತಿನಿಂದ ಮನುಷ್ಯರನ್ನು ಕಟ್ಟುವುದು ರೇಡಿಯೋ ನಾಟಕ ಮಾಡಿದವರಿಗೆ ಹೊಸದಲ್ಲ. ಬಲ್ಲೂವಿಗೆ ನಮ್ಮ ಊರಿನ ಯಾವ ಹಿರಿಯ ಕಲಾವಿದರಾದರೂ ಸೈ, ನಡುವೆ ಕೆಮ್ಮಲು ಬಂದರೆ ಸಾಕು. ಶೇರ್ ಖಾನನಿಗೆ ಮಾತ್ರ ಹುಡುಕಬೇಕಾದೀತು. ಶರಣಬಸವೇಶ್ವರರ ಜಾತ್ರೆಗೆ ಡೇರೆ ಹಾಕುವ ನಾಟಕ ಕಂಪನಿಗಳಲ್ಲಿ ಖಳನಾಯಕನ ಪಾತ್ರ ಮಾಡುವವರು ಧ್ವನಿವರ್ಧಕ ಕೈಕೊಟ್ಟರೂ ಕೊನೆಯ ಸಾಲಿನವರನ್ನು ನಡುಗಿಸಬಲ್ಲರು, ಮೊದಲು ಅಲ್ಲಿಗೆ ಹೋಗಿ ಕೇಳುವುದು ಒಳ್ಳೆಯದು.